ಮಗುವಿನಂತಾಗುವುದೆಂದರೇನು? — ‘ಒಂದು ಆತ್ಮದ ಕಥೆ’ಯನ್ನು ಕುರಿತು

ಯೇಸುಸ್ವಾಮಿಯ ಉಪದೇಶಗಳಲ್ಲಿ ಕೇಳುವುದಕ್ಕೆ ಬಲು ಸುಲಭವಾಗಿಯೂ ಅರ್ಥಮಾಡಿಕೊಳ್ಳುವುದಕ್ಕೆ ಬಲು ಕಠಿನವಾಗಿಯೂ ಇರುವ ಮಾತೊಂದುಂಟು. ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ಕೇಳಿದಾಗ ಆತನು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿ, ಮಕ್ಕಳಂತಾಗದವರಿಗೆ ಪರಲೋಕರಾಜ್ಯದ ಬಾಗಿಲು ತೆರೆಯದೆಂಬ ಭಾವದ ಮಾತನ್ನಾಡಿದನೆಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕಾಣುತ್ತದೆ. ಮಾರ್ಕನ 10ನೆಯ ಅಧ್ಯಾಯದಲ್ಲಿಯೂ ಇದೇ ಅಭಿಪ್ರಾಯವು ಬೇರೊಂದು ಸಂದರ್ಭದಲ್ಲಿ ಬರುತ್ತದೆ. ಕ್ರೈಸ್ತರ ದೇವಾಲಯಗಳಲ್ಲಿ ಈ ವಚನವನ್ನು ಎಷ್ಟು ಬಾರಿ ಓದಿರುವರೋ ಲೆಕ್ಕವಿಲ್ಲ. ಆದರೆ ಮಗುವಿನಂತಾಗುವುದೆಂದರೆ ಯಾವ ವಿಷಯದಲ್ಲಿ ಮಗುವಿನಂತಾಗುವುದು ಎಂಬ ಪ್ರಶ್ನೆಗೆ ಅದನ್ನು ಓದುವವರೆಲ್ಲರೂ ಒಂದೇ ಉತ್ತರವನ್ನು ಕೊಡುವರೆಂದು ಹೇಳಲಾಗದು.

ನಾನು 34 ವರ್ಷ ಪಾಠಶಾಲೆಯಲ್ಲಿ ಮಕ್ಕಳ ನಡುವೆ ಬದುಕಿದವನು. ಮಕ್ಕಳನ್ನು ದೂರದಿಂದ ನೋಡಿದ ಕವಿಗಳು ಅವರನ್ನು ನಿಷ್ಕಲ್ಮಷರೆಂದು ವರ್ಣಿಸುವುದು ಸಹಜ. ಹತ್ತಿರದಿಂದ ನೋಡಿದ ಮೇಷ್ಟರಿಗೆ ಬೇರೆ ಸಂಗತಿಗಳೂ ಗೊತ್ತು. ನೆರೆಯವನ ಬಳಪವನ್ನು ಕದ್ದು ದೇವರಾಣೆಯಿಟ್ಟು ಇಲ್ಲವೆನ್ನುವವರು ಮಕ್ಕಳೇ. ಕುಂಟುವ ಸಹಪಾಠಿಯ ನಡಿಗೆಯನ್ನು ಅನುಕರಿಸಿ ನಗುವವರೂ ಮಕ್ಕಳೇ. ಹಟ, ಮತ್ಸರ, ಸ್ವಾರ್ಥ ಇವು ವಯಸ್ಸಾದ ಮೇಲೆ ಹುಟ್ಟುವ ಗುಣಗಳಲ್ಲ. ವಯಸ್ಸಾದ ಮೇಲೆ ಅವುಗಳನ್ನು ಮುಚ್ಚಿಡುವ ಜಾಣತನವು ಹುಟ್ಟುತ್ತದೆ, ಅಷ್ಟೆ. ಹೀಗಿರುವಲ್ಲಿ ಸುವಾರ್ತೆಯು ಮಗುವನ್ನು ಆದರ್ಶವನ್ನಾಗಿ ನಿಲ್ಲಿಸಿರುವುದೇತಕ್ಕೆ? ವಿಚಾರ ಮಾಡದೆ ನಂಬುವುದೇ ಆ ಆದರ್ಶವೇ? ಹಾಗಾದರೆ ವಿದ್ಯಾವಂತನಾದ ಕ್ರೈಸ್ತನು ತನ್ನ ವಿದ್ಯೆಯನ್ನೇನು ಮಾಡಬೇಕು?

ಈ ಪ್ರಶ್ನೆಯು ನನ್ನಲ್ಲಿ ಕೇವಲ ಕುತೂಹಲದಿಂದ ಹುಟ್ಟಿದುದಲ್ಲ. ನನ್ನೊಡನೆ ಬಹುಕಾಲ ಅದೇ ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಕ್ಯಾಥೊಲಿಕ್ ಮಿತ್ರರೊಬ್ಬರು ನಿವೃತ್ತರಾದ ಮೇಲೆ ಕಾಯಿಲೆಯಿಂದ ಹಾಸಿಗೆ ಹಿಡಿದರು. ನಾನು ವಾರಕ್ಕೆರಡು ಬಾರಿ ಅವರನ್ನು ನೋಡಲು ಹೋಗುತ್ತಿದ್ದೆನು. ಒಂದು ಸಂಜೆ ಅವರು ಹೀಗೆಂದರು: “ಶಾಸ್ತ್ರಿಗಳೇ, ಚಿಕ್ಕಂದಿನಲ್ಲಿ ನಮ್ಮ ತಾಯಿ ಕಲಿಸಿದ ಪ್ರಾರ್ಥನೆಯನ್ನು ಈಗ ಹೇಳಿದರೆ ಗೋಡೆಗೆ ಹೇಳಿದಂತಾಗುತ್ತದೆ. ಮಗುವಿನಂತೆ ನಂಬಿ ಎಂದು ನಮ್ಮ ಗುರುಗಳು ಹೇಳುತ್ತಾರೆ. ಈ ವಯಸ್ಸಿನಲ್ಲಿ ನಾನು ಮಗುವಾಗುವುದು ಹೇಗೆ? ನೀವು ಜೀವಮಾನವೆಲ್ಲ ಪದಗಳಿಗೆ ಅರ್ಥ ಹೇಳಿದವರು. ಈ ಪದಕ್ಕೆ ಅರ್ಥ ಹೇಳಿ ನೋಡೋಣ.” ಹೀಗೆಂದು ತಲೆದೆಸೆಯ ಗೂಡಿನಿಂದ ಒಂದು ಪುಸ್ತಕವನ್ನು ತೆಗೆಸಿ ನನ್ನ ಕೈಗೆ ಕೊಟ್ಟರು. ಅದು ಫ್ರಾನ್ಸ್ ದೇಶದ ಲಿಸ್ಯೂ ಪಟ್ಟಣದ ಸಂತ ತೆರೇಸಳ ಆತ್ಮಕಥೆಯ ಆಂಗ್ಲಾನುವಾದವಾಗಿದ್ದಿತು. ‘ಒಂದು ಆತ್ಮದ ಕಥೆ’ ಎಂಬುದು ಆ ಗ್ರಂಥದ ಹೆಸರು. ಮಿತ್ರರ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಅದನ್ನು ಓದಿದೆನು. ಈ ವಿಮರ್ಶೆಯೂ ಆ ಪ್ರಶ್ನೆಯನ್ನೇ ಅನುಸರಿಸುತ್ತದೆ.

ಮೊದಲು ಗ್ರಂಥಕರ್ತ್ರಿಯ ವಿಷಯವಾಗಿ ನಾಲ್ಕು ಮಾತು. ತೆರೇಸ ಮಾರ್ತೇನ್ 1873ನೆಯ ಜನವರಿ 2ರಂದು ಅಲಾಂಸೋನ್ ಎಂಬ ಊರಿನಲ್ಲಿ ಹುಟ್ಟಿದಳು. ತಂದೆ ಲೂಯಿ ಗಡಿಯಾರದ ಕಸಬಿನವನು. ತಾಯಿ ಜೆಲಿ ಕಸೂತಿಯ ಜಾಲರಿಯನ್ನು ನೇಯಿಸಿ ಮಾರುತ್ತಿದ್ದವಳು. 1877ರಲ್ಲಿ, ಮಗುವಿಗೆ ನಾಲ್ಕೂವರೆ ವರ್ಷವಾಗಿದ್ದಾಗ, ತಾಯಿ ಸತ್ತಳು. ಸಂಸಾರವು ಲಿಸ್ಯೂವಿಗೆ ಬಂದು ನೆಲಸಿತು. ಎರಡನೆಯ ತಾಯಿಯೆಂದು ಮಗುವು ಆರಿಸಿಕೊಂಡಿದ್ದ ಅಕ್ಕ ಪೋಲೀನಳು 1882ರಲ್ಲಿ ಆ ಊರಿನ ಕಾರ್ಮೆಲ್ ಮಠವನ್ನು ಸೇರಿದಳು. ತೆರೇಸಳೂ 1888ನೆಯ ಏಪ್ರಿಲ್ 9ರಂದು, 15ನೆಯ ವಯಸ್ಸಿನಲ್ಲಿ, ಅದೇ ಮಠವನ್ನು ಪ್ರವೇಶಿಸಿ, 1897ನೆಯ ಸೆಪ್ಟೆಂಬರ್ 30ರಂದು ಕ್ಷಯರೋಗದಿಂದ ಅಲ್ಲಿಯೇ ದೇಹವನ್ನು ಬಿಟ್ಟಳು. ಆಗ ಆಕೆಗೆ 24 ವರ್ಷ. ಮಠದ ಗೋಡೆಯೊಳಗೆ ಒಂಬತ್ತೂವರೆ ವರ್ಷ ಬಟ್ಟೆ ಒಗೆದು, ನೆಲ ಗುಡಿಸಿ, ನವದೀಕ್ಷಿತರನ್ನು ತಿದ್ದಿದುದೇ ಆಕೆಯ ಚರಿತ್ರೆ. ಆದರೂ 1925ರಲ್ಲಿ ಪೋಪ್ 11ನೆಯ ಪಯಸ್ ಆಕೆಯನ್ನು ಸಂತಳೆಂದು ಸಾರಿದನು. 1927ರಲ್ಲಿ, ಮಠ ಬಿಟ್ಟು ಹೊರಗೆ ಹೋಗದಿದ್ದ ಈಕೆಯನ್ನು, ಸಮುದ್ರಗಳನ್ನು ದಾಟಿದ ಫ್ರಾನ್ಸಿಸ್ ಕ್ಸೇವಿಯರನೊಡನೆ ಮತಪ್ರಸಾರಕಾರ್ಯದ ಪಾಲಕಿಯನ್ನಾಗಿ ಗಣಿಸಿದರು. 1997ರಲ್ಲಿ ಪೋಪ್ 2ನೆಯ ಜಾನ್ ಪಾಲ್ ಆಕೆಗೆ ಧರ್ಮಸಭೆಯ ಆಚಾರ್ಯಪದವಿಯನ್ನು ಕೊಟ್ಟನು. ಮಹಾಪಂಡಿತರಿಗೆ ಸಲ್ಲುವ ಆ ಪದವಿಯು ಶಾಲೆಯ ಓದನ್ನೂ ಪೂರ್ತಿಯಾಗಿ ಮುಗಿಸದಿದ್ದ ತರುಣಿಗೆ ಸಂದುದು ವಿಚಾರಾರ್ಹವಾದ ಸಂಗತಿ.

ಗ್ರಂಥವು ಆಕೆಯ ಸ್ವಂತ ಸಂಕಲ್ಪದಿಂದ ಹುಟ್ಟಿದುದಲ್ಲ. ಮಠದ ಒಡತಿಯಾಗಿದ್ದ ಅಕ್ಕ ಪೋಲೀನಳ ಆಜ್ಞೆಯಂತೆ 1895ರಲ್ಲಿ ಬಾಲ್ಯದ ನೆನಪುಗಳನ್ನು ಬರೆಯತೊಡಗಿದಳು. 1896ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಅಕ್ಕ ಮರೀಗೆ ಬರೆದುದು ಎರಡನೆಯ ಭಾಗ. 1897ರ ಜೂನಿನಲ್ಲಿ, ಆ ವೇಳೆಗೆ ಒಡತಿಯಾಗಿದ್ದ ಮರೀ ದ ಗೊಂಜಾಗಳಿಗಾಗಿ ಬರೆದುದು ಮೂರನೆಯದು. ಇದರ ಕಡೆಯ ಪುಟಗಳು, ಲೇಖನಿಯನ್ನು ಹಿಡಿಯಲಾರದೆ, ಸೀಸದ ಕಡ್ಡಿಯಿಂದ ಬರೆದವು. ಆಕೆ ಸತ್ತು ಒಂದು ವರ್ಷಕ್ಕೆ ಸರಿಯಾಗಿ, 1898ರಲ್ಲಿ, ಪೋಲೀನಳು ಈ ಮೂರನ್ನೂ ಒಂದೇ ಗ್ರಂಥವನ್ನಾಗಿ ಹೊಂದಿಸಿ 2000 ಪ್ರತಿಗಳನ್ನು ಅಚ್ಚು ಹಾಕಿಸಿದಳು. ಹೊಂದಿಸುವಾಗ ಸಾವಿರಾರು ಕಡೆಗಳಲ್ಲಿ ತಿದ್ದಿದಳು. ಮೂರು ಭಾಗಗಳೂ ಒಬ್ಬಳೇ ಒಡತಿಗೆ ಬರೆದವೆಂಬಂತೆ ಮಾಡಿದಳು. ತೆರೇಸಳ ಕೈಬರಹವು ಇದ್ದುದಿದ್ದಂತೆ ಬೆಳಕಿಗೆ ಬಂದುದು 1956ರಲ್ಲಿ. ಅಂದರೆ 58 ವರ್ಷಗಳ ಕಾಲ ಲೋಕವು ಓದಿದುದು ಅಕ್ಕನು ತಿದ್ದಿದ ಪಾಠವನ್ನು. ಪಾಠಾಂತರಗಳ ವಿಷಯದಲ್ಲಿ ಎಚ್ಚರವಿರುವ ನಮ್ಮ ಪಂಡಿತರಿಗೆ ಇದರ ಮಹತ್ವವನ್ನು ಹೇಳಬೇಕಾದುದಿಲ್ಲ. ತಂಗಿಯ ಮೇಲಣ ಪ್ರೀತಿಯಿಂದಲೇ ಅಕ್ಕನು ತಿದ್ದಿದಳೆಂಬುದೇನೋ ನಿಜ. ಆದರೆ ಪ್ರೀತಿಯಿಂದ ತಿದ್ದಿದ ಪಾಠವೂ ತಿದ್ದಿದ ಪಾಠವೇ ಸರಿ. ಆದುದರಿಂದ ಓದುವವರು 1956ರ ಅನಂತರದ ಮೂಲಾನುಸಾರಿಯಾದ ಪಾಠವನ್ನೇ ಆಶ್ರಯಿಸುವುದು ಯುಕ್ತ.

ಇನ್ನು ಗ್ರಂಥದ ದೋಷಗಳನ್ನು ಮುಚ್ಚದೆ ಹೇಳುತ್ತೇನೆ. ಮೊದಲ ಭಾಗದ ಶೈಲಿಯಲ್ಲಿ ಸಕ್ಕರೆಯ ಪಾಕವು ಹೆಚ್ಚು. ಪುಟ್ಟ ಹೂವು, ಪುಟ್ಟ ಪಕ್ಷಿ, ಪುಟ್ಟ ದೋಣಿ ಎಂದು ‘ಪುಟ್ಟ’ ಶಬ್ದವು ಮತ್ತೆ ಮತ್ತೆ ಬಂದು ಓದುಗನ ಸಹನೆಯನ್ನು ಪರೀಕ್ಷಿಸುತ್ತದೆ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರನಿಂದ ಕಲಿತವರಿಗೆ ಉಪಮಾನಗಳ ಈ ಗುಂಪು ಸಲ್ಲದು. ಒಂದೆಡೆ ತಾನು ಬಾಲಯೇಸುವಿನ ಆಟದ ಚೆಂಡೆಂದೂ, ಆತನು ಅದನ್ನು ನೆಲಕ್ಕೆಸೆದರೂ, ತೂತು ಮಾಡಿದರೂ, ಮೂಲೆಯಲ್ಲಿ ಮರೆತುಬಿಟ್ಟರೂ ತನಗೆ ಸಮ್ಮತವೆಂದೂ ಹೇಳುತ್ತಾಳೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆನು. ಹಾಸಿಗೆ ಹಿಡಿದ ಮುದುಕನಿಗೆ ಈ ಚೆಂಡಿನಿಂದ ಆಗಬೇಕಾದುದೇನೆಂದು ಅನಿಸಿತು. ಸೋದರಿ ಸೆಲೀನಳು ಬಿಡಿಸಿದ, ಕೈತುಂಬ ಗುಲಾಬಿಗಳನ್ನು ಹಿಡಿದ ತೆರೇಸಳ ಚಿತ್ರವು ಮನೆಮನೆಗಳಲ್ಲಿ ಹಬ್ಬಿ ಈ ಮಾಧುರ್ಯವನ್ನು ಮತ್ತಷ್ಟು ಹೆಚ್ಚಿಸಿತು. ಈಕೆಯ ಭಕ್ತಿಯು ಎಳಸಾದುದೆಂದು ಹಲವರು ಭಾವಿಸಿದ್ದರೆ ಅದಕ್ಕೆ ಕಾರಣವಿಲ್ಲದಿಲ್ಲ. ಇದು ಪೂರ್ವಪಕ್ಷ.

ಆದರೆ ಗ್ರಂಥವನ್ನು ಕಡೆಯವರೆಗೆ ಓದಿದರೆ ಈ ಪೂರ್ವಪಕ್ಷವು ನಿಲ್ಲುವುದಿಲ್ಲ. ಮೂರು ಪ್ರಸಂಗಗಳನ್ನು ಎತ್ತಿಕೊಂಡು ಇದನ್ನು ತೋರಿಸಬಹುದು.

ಮೊದಲನೆಯದು 1886ರ ಕ್ರಿಸ್ಮಸ್ ರಾತ್ರಿಯ ಪ್ರಸಂಗ. ತೆರೇಸಳಿಗೆ ಆಗ 14 ವರ್ಷ ತುಂಬುವುದರಲ್ಲಿದ್ದಿತು. ತಾಯಿ ಸತ್ತಂದಿನಿಂದ ಆಕೆ ಬಹು ಮೃದುಸ್ವಭಾವದವಳಾಗಿ, ಸ್ವಲ್ಪಕ್ಕೆಲ್ಲ ಅಳುತ್ತ, ಅತ್ತುದಕ್ಕಾಗಿ ಮತ್ತೆ ಅಳುತ್ತ ಇದ್ದಳು. ಆ ರಾತ್ರಿ ಮಕ್ಕಳು ಒಲೆಯ ಬಳಿ ಪಾದರಕ್ಷೆಗಳನ್ನಿಟ್ಟರೆ ಹಿರಿಯರು ಅವುಗಳಲ್ಲಿ ಉಡುಗೊರೆಗಳನ್ನು ತುಂಬುವುದು ಆ ದೇಶದ ವಾಡಿಕೆ. ನಡುರಾತ್ರಿಯ ಪೂಜೆಯಿಂದ ದಣಿದು ಬಂದ ತಂದೆಯು, ಸದ್ಯ ಇದೇ ಕಡೆಯ ವರ್ಷವೆಂಬರ್ಥದ ಬೇಸರದ ಮಾತೊಂದನ್ನಾಡಿದುದು ಮೆಟ್ಟಿಲು ಹತ್ತುತ್ತಿದ್ದ ಮಗಳ ಕಿವಿಗೆ ಬಿದ್ದಿತು. ಈಗ ಕೆಳಗೆ ಹೋಗಬೇಡವೆಂದು ಸೆಲೀನಳು ತಡೆದಳು. ತೆರೇಸಳು ಕಣ್ಣೀರನ್ನು ನುಂಗಿ, ಕೆಳಗಿಳಿದು ಹೋಗಿ, ತಂದೆಯ ಮುಂದೆ ನಗುತ್ತ ಒಂದೊಂದಾಗಿ ಉಡುಗೊರೆಗಳನ್ನು ತೆಗೆದಳು. ತಂದೆಯ ಬೇಸರವೂ ಹೋಯಿತು. ನಾಲ್ಕೂವರೆ ವರ್ಷದವಳಾಗಿದ್ದಾಗ ಕಳೆದುಕೊಂಡಿದ್ದ ಮನೋಬಲವು ಆ ರಾತ್ರಿ ತನಗೆ ಮರಳಿ ದೊರೆಯಿತೆಂದು ಆಕೆ ಬರೆಯುತ್ತಾಳೆ.

ಈ ಪ್ರಸಂಗವನ್ನು ಓದಿದಾಗ ನನಗೆ ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯವು ನೆನಪಿಗೆ ಬಂದಿತು. ಪಾಂಡಿತ್ಯವನ್ನು ಮುಗಿಸಿದವನು ‘ಬಾಲ್ಯ’ದಲ್ಲಿ ನಿಲ್ಲಬೇಕೆಂದು ಅಲ್ಲಿ ಹೇಳಿದೆ. ಈ ‘ಬಾಲ್ಯ’ಶಬ್ದಕ್ಕೆ ಶಂಕರಾಚಾರ್ಯರು ಎರಡು ಕಡೆ ಎರಡು ಬಗೆಯಾಗಿ ಅರ್ಥಮಾಡಿದ್ದಾರೆ. ಉಪನಿಷದ್ಭಾಷ್ಯದಲ್ಲಿ ಬಲದ ಭಾವವೇ ಬಾಲ್ಯ. ಅಂದರೆ ಆತ್ಮಜ್ಞಾನದಿಂದ ಬರುವ ಬಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಚರ್ಚೆಯು ಬೇರೆ: ಮಗುವಿನಂತಿರುವುದೆಂದರೆ ಮನಬಂದಂತೆ ನಡೆಯುವುದು, ಮನಬಂದಂತೆ ತಿನ್ನುವುದು ಎಂದರ್ಥವೇ ಎಂದು ಶಂಕಿಸಿ, ಹಾಗಲ್ಲ, ದಂಭದರ್ಪಗಳಿಲ್ಲದೆ ತನ್ನ ಗುಣಗಳನ್ನು ಮೆರೆಸದೆ ಇರುವ ಅಂತಶ್ಶುದ್ಧಿಯೇ ಅಲ್ಲಿ ವಿವಕ್ಷಿತವೆಂದು ನಿರ್ಣಯಿಸಿದ್ದಾರೆ. ನೋಡಿ, ನನ್ನಂಥ ಮೇಷ್ಟರ ಆಕ್ಷೇಪವು ಎಷ್ಟು ಹಳೆಯದು! ಮಗುವಿನಲ್ಲಿ ಅನುಕರಣೀಯವಾದುದೂ ಉಂಟು, ಅಲ್ಲದುದೂ ಉಂಟು. ಎರಡನ್ನೂ ಬೇರ್ಪಡಿಸುವುದು ಹಿರಿಯನ ಕೆಲಸ. ಕ್ರೈಸ್ತಶಾಸ್ತ್ರದಲ್ಲಿ ಪೌಲನೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಇದೇ ವಿಭಾಗವನ್ನು ಮಾಡುತ್ತಾನೆ. ಕೆಟ್ಟತನದ ವಿಷಯದಲ್ಲಿ ಶಿಶುಗಳಾಗಿರಬೇಕು, ಬುದ್ಧಿಯ ವಿಷಯದಲ್ಲಿ ಪ್ರೌಢರಾಗಿರಬೇಕು ಎಂಬುದು ಆತನ ಅಭಿಪ್ರಾಯ. ತೆರೇಸಳ ಕ್ರಿಸ್ಮಸ್ ರಾತ್ರಿಯು ಈ ವಿಭಾಗಕ್ಕೆ ಉದಾಹರಣೆ. ಆಕೆ ಎಳೆತನವನ್ನು ಬಿಟ್ಟ ಕ್ಷಣದಲ್ಲಿಯೇ ಬಾಲಭಾವವನ್ನು ಪಡೆದಳು. ತನ್ನನ್ನು ಎಲ್ಲರೂ ಮುದ್ದಿಸಬೇಕೆಂಬುದು ಎಳೆತನ. ತನ್ನನ್ನು ಮರೆತು ತಂದೆಯನ್ನು ಸಂತೋಷಪಡಿಸುವುದು ಬಲ.

ಆದರೆ ಸಾಮ್ಯವನ್ನು ತೋರಿಸುವಾಗ ಭೇದವನ್ನು ಮರೆಸುವುದು ವಿಮರ್ಶಕನಿಗೆ ತಕ್ಕುದಲ್ಲ. ಉಪನಿಷತ್ತಿನ ಬಾಲ್ಯವು ತತ್ತ್ವವನ್ನು ಶ್ರವಣಮಾಡಿದವನು ಮುಂದೆ ಏರಬೇಕಾದ ಮೆಟ್ಟಿಲು. ಅಲ್ಲಿ ಮಗುವು ಯಾರ ಮಗುವೆಂಬ ಪ್ರಶ್ನೆಯಿಲ್ಲ. ತೆರೇಸಳ ಬಾಲಭಾವದಲ್ಲಿ ಆ ಪ್ರಶ್ನೆಯೇ ಮುಖ್ಯ. ಮಗುವೆಂದರೆ ಒಬ್ಬ ತಂದೆಯ ಮಗು. ಆ ಸಂಬಂಧವನ್ನು ತೆಗೆದುಬಿಟ್ಟರೆ ಆಕೆಯ ಗ್ರಂಥದಲ್ಲಿ ಏನೂ ಉಳಿಯುವುದಿಲ್ಲ.

ಎರಡನೆಯ ಪ್ರಸಂಗವು ಏರುಯಂತ್ರದ ದೃಷ್ಟಾಂತ. ಆ ಕಾಲಕ್ಕೆ ಶ್ರೀಮಂತರ ಮನೆಗಳಲ್ಲಿ ಮೆಟ್ಟಿಲುಗಳಿಗೆ ಬದಲಾಗಿ ‘ಲಿಫ್ಟು’ ಬಂದಿದ್ದಿತು. ಸಂತರ ಮಾರ್ಗವೆಂಬ ಕಡಿದಾದ ಮೆಟ್ಟಿಲುಗಳನ್ನು ಹತ್ತಲಾರದಷ್ಟು ತಾನು ಚಿಕ್ಕವಳಾದುದರಿಂದ ತನ್ನನ್ನೆತ್ತಿಕೊಂಡು ಹೋಗುವ ಅಂಥ ಒಂದು ಸಾಧನವಿದೆಯೇ ಎಂದು ಆಕೆ ಶಾಸ್ತ್ರದಲ್ಲಿ ಹುಡುಕುತ್ತಾಳೆ. ಸೆಲೀನಳು 1894ರಲ್ಲಿ ಮಠಕ್ಕೆ ತಂದಿದ್ದ ಟಿಪ್ಪಣಿಯ ಪುಸ್ತಕದಲ್ಲಿ, ಚಿಕ್ಕವರನ್ನು ಬಳಿಗೆ ಕರೆಯುವ ಜ್ಞಾನೋಕ್ತಿಯೂ, ತಾಯಿಯು ಮಗುವನ್ನು ಸಂತೈಸುವಂತೆ ದೇವರು ಸಂತೈಸುವನೆಂಬ ಯೆಶಾಯನ ಪ್ರವಾದನೆಯೂ ಆಕೆಗೆ ದೊರೆಯುತ್ತವೆ. ಯೇಸುವಿನ ತೋಳುಗಳೇ ಆ ಯಂತ್ರ. ಆದುದರಿಂದ ತಾನು ದೊಡ್ಡವಳಾಗಬೇಕಾದುದಿಲ್ಲ, ಇನ್ನೂ ಚಿಕ್ಕವಳಾಗಬೇಕು ಎಂದು ನಿರ್ಣಯಿಸುತ್ತಾಳೆ.

ಶ್ರೀವೈಷ್ಣವ ಸಂಪ್ರದಾಯದ ಪರಿಚಯವುಳ್ಳ ವಾಚಕರಿಗೆ ಇಲ್ಲಿ ಮಾರ್ಜಾರಕಿಶೋರನ್ಯಾಯವು ನೆನಪಾಗದೆ ಇರದು. ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುತ್ತದೆ. ಕೋತಿಯ ಮರಿಯಾದರೋ ತಾನೇ ತಾಯಿಯನ್ನು ಅಪ್ಪಿ ಹಿಡಿಯಬೇಕು. ತೆಂಗಲೆ ವಡಗಲೆಗಳ ನಡುವಣ ಈ ವಾದವನ್ನು ಕೇಳಿ ಬೆಳೆದ ನಾನು, ಈಕೆ ಬೆಕ್ಕಿನ ಮರಿಯ ಪಕ್ಷದವಳೆಂದು ತಟ್ಟನೆ ತೀರ್ಮಾನಿಸಿದೆನು. ಆದರೆ ಆಕೆಯ ಶಿಕ್ಷಣದಲ್ಲಿದ್ದ ನವದೀಕ್ಷಿತೆಯೊಬ್ಬಳು ಹೇಳಿದ ಇನ್ನೊಂದು ದೃಷ್ಟಾಂತವು ಈ ತೀರ್ಮಾನವನ್ನು ಕೆಡಿಸಿತು. ಮಗುವೊಂದು ಮೆಟ್ಟಿಲಿನ ಬುಡದಲ್ಲಿ ನಿಂತು, ಮೇಲಿರುವ ತಾಯಿಯನ್ನು ಸೇರಬೇಕೆಂದು ಪುಟ್ಟ ಕಾಲನ್ನೆತ್ತುತ್ತದೆ; ಮೊದಲನೆಯ ಮೆಟ್ಟಿಲನ್ನೂ ಏರಲಾರದೆ ಬೀಳುತ್ತದೆ; ಮತ್ತೆ ಎತ್ತುತ್ತದೆ. ಆ ಮಗುವಾಗಲು ಒಪ್ಪಿಕೊ, ಕಾಲನ್ನೆತ್ತುತ್ತಲೇ ಇರು. ಒಂದು ದಿನ ತಾನೇ ಇಳಿದು ಬಂದು ಎತ್ತಿಕೊಳ್ಳುವರು ಎಂದು ತೆರೇಸಳು ಆಕೆಗೆ ಬೋಧಿಸಿದಳಂತೆ. ಇಲ್ಲಿ ಎತ್ತುವುದು ತಾಯಿಯ ಕೆಲಸವಾದರೂ ಕಾಲನ್ನು ಎತ್ತುವುದು ಮಗುವಿನ ಕೆಲಸ. ಪ್ರಯತ್ನದಿಂದ ಫಲವಿಲ್ಲ, ಆದರೆ ಪ್ರಯತ್ನವನ್ನು ಬಿಡುವಂತೆಯೂ ಇಲ್ಲ. ಹೆಜ್ಜೆಯು ಮುಂದೆ ಸಾಗದೆಂದು ತಿಳಿದೂ ದಿನವೂ ಕಾಲನ್ನೆತ್ತುವುದು ಸೋಮಾರಿಯಾದವನಿಗೆ ಸಾಧ್ಯವಾದ ಕೆಲಸವಲ್ಲ.

ಬಾಲಶ್ರದ್ಧೆಯೆಂದರೆ ತಲೆಬಾಗಿ ಸುಮ್ಮನಿರುವುದೆಂದು ತಿಳಿದವರಿಗೂ ಈ ಗ್ರಂಥದಲ್ಲಿ ಉತ್ತರವುಂಟು. 1887ನೆಯ ನವೆಂಬರ್ 20ರಂದು ರೋಮ್ ನಗರದಲ್ಲಿ ಪೋಪ್ 13ನೆಯ ಲಿಯೋನ ದರ್ಶನಕ್ಕೆ ಹೋದ ಯಾತ್ರಿಕರಿಗೆ ಯಾರೂ ಮಾತನಾಡಕೂಡದೆಂದು ಅಪ್ಪಣೆಯಾಗಿದ್ದಿತು. 14 ವರ್ಷದ ಹುಡುಗಿಯು ಅದನ್ನು ಮೀರಿ, 15ನೆಯ ವಯಸ್ಸಿನಲ್ಲಿ ಮಠವನ್ನು ಸೇರಲು ಅನುಮತಿಯನ್ನು ಬೇಡಿದಳು; ದೇವರ ಚಿತ್ತವಿದ್ದರೆ ಸೇರುವೆ ಎಂಬ ಉತ್ತರದಿಂದ ತೃಪ್ತಳಾಗದೆ ಅಲ್ಲಿಯೇ ನಿಂತಳು; ಕಾವಲುಗಾರರು ಆಕೆಯನ್ನು ಎತ್ತಿಕೊಂಡು ಹೋಗಿ ಹೊರಗೆ ಬಿಡಬೇಕಾಯಿತು. ತಾನು ಪಾದ್ರಿಯಾಗಿದ್ದರೆ ಶಾಸ್ತ್ರವನ್ನು ಮೂಲದಲ್ಲಿಯೇ ಓದುವುದಕ್ಕಾಗಿ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿಯುತ್ತಿದ್ದೆನೆಂದು ಮುಂದೆ ಸೋದರಿಯರೊಡನೆ ಆಕೆ ಹೇಳಿದುದೂ ಉಂಟು. ನಮ್ಮ ಕಠೋಪನಿಷತ್ತಿನಲ್ಲಿ ಶ್ರದ್ಧೆಯು ಹೊಕ್ಕುದು ಬಾಲಕನಾದ ನಚಿಕೇತನನ್ನು. ಹೊಕ್ಕೊಡನೆ ಆತನು ಮಾಡಿದುದು ತಂದೆಯನ್ನು ಪ್ರಶ್ನಿಸಿದುದು. ಕೇಳುವ ಧೈರ್ಯವು ಶ್ರದ್ಧೆಗೆ ವಿರೋಧಿಯಲ್ಲ. ಉತ್ತರ ಕೊಡುವವನಿದ್ದಾನೆಂದು ನಂಬಿದವನೇ ಪಟ್ಟು ಹಿಡಿದು ಕೇಳುತ್ತಾನೆ.

ಇನ್ನು ಮೂರನೆಯ ಪ್ರಸಂಗ. ಗ್ರಂಥದ ಸಾರವೂ ನನ್ನ ಮಿತ್ರರ ಪ್ರಶ್ನೆಗೆ ಉತ್ತರವೂ ಇರುವುದು ಇಲ್ಲಿಯೇ. 1896ರ ಏಪ್ರಿಲಿನಲ್ಲಿ, ಶುಭಶುಕ್ರವಾರದ ಹಿಂದಿನ ರಾತ್ರಿ, ತೆರೇಸಳು ಮೊದಲ ಸಲ ರಕ್ತವನ್ನು ಕಾರಿದಳು. ಸಾವು ಹತ್ತಿರ ಬಂದಿತೆಂದು ತಿಳಿದು ಆಕೆಗೆ ಸಂತೋಷವೇ ಆಯಿತು; ಏಕೆಂದರೆ ಸ್ವರ್ಗದ ವಿಷಯದಲ್ಲಿ ಆಕೆಗೆ ಸಂಶಯವೆಂಬುದೇ ಇರಲಿಲ್ಲ. ನಾಸ್ತಿಕರೆಂಬವರು ಬಾಯಲ್ಲಿ ಹಾಗೆ ಹೇಳುವರೇ ಹೊರತು ಒಳಗೆ ನಂಬದೆ ಇರಲಾರರೆಂದೇ ಆವರೆಗೆ ಆಕೆ ತಿಳಿದಿದ್ದಳು. ಕೆಲವೇ ದಿನಗಳಲ್ಲಿ, ಈಸ್ಟರ್ ಹಬ್ಬದ ಕಾಲದಲ್ಲಿ, ಆ ಬೆಳಕು ಆರಿಹೋಯಿತು. ಅತ್ಯಂತ ಮಧುರವಾಗಿದ್ದ ಸ್ವರ್ಗದ ಯೋಚನೆಯೇ ಹೋರಾಟಕ್ಕೆ ಕಾರಣವಾಯಿತು. ದಟ್ಟವಾದ ಮಂಜಿನ ದೇಶದಲ್ಲಿ ಹುಟ್ಟಿ, ಬೇರೊಂದು ಬೆಳಕಿನ ದೇಶವಿದೆಯೆಂದು ಕೇಳಿ ನಂಬಿದ್ದವಳಿಗೆ, ಆ ಮಂಜು ತನ್ನೊಳಕ್ಕೇ ನುಗ್ಗಿ ಎಲ್ಲವನ್ನೂ ಮುಚ್ಚಿದಂತಾಯಿತೆನ್ನುತ್ತಾಳೆ. ಬೆಳಕಿನ ಕನಸನ್ನು ಕಾಣುತ್ತಿರು, ಸಾವು ನಿನಗೆ ಕೊಡುವುದು ಇನ್ನೂ ದಟ್ಟವಾದ ಶೂನ್ಯದ ರಾತ್ರಿಯನ್ನೇ ಎಂದು ಕತ್ತಲೆಯು ತನ್ನನ್ನು ಹಾಸ್ಯ ಮಾಡುವಂತೆ ಆಕೆಗೆ ಕೇಳಿಸುತ್ತದೆ. ತನ್ನ ಮುಂದಿರುವುದು ಇನ್ನು ತೆರೆಯಲ್ಲ, ಆಕಾಶದವರೆಗೆ ಎದ್ದು ನಕ್ಷತ್ರಗಳನ್ನು ಮರೆಮಾಡಿದ ಗೋಡೆ ಎಂಬುದು ಆಕೆಯ ಉಪಮಾನ. ಇದಕ್ಕಿಂತ ಹೆಚ್ಚು ಬರೆದರೆ ದೇವದೂಷಣೆಯಾದೀತೆಂದು ಅಂಜಿ ಲೇಖನಿಯನ್ನು ತಡೆಯುತ್ತಾಳೆ. ಈ ಸ್ಥಿತಿಯು ಸಾಯುವವರೆಗೂ, ಸುಮಾರು 18 ತಿಂಗಳು, ಬಿಡಲಿಲ್ಲ.

ಆ ಕಾಲದಲ್ಲಿಯೇ ಆಕೆ ಸೋದರಿಯರಿಗಾಗಿ ಸ್ವರ್ಗಸುಖವನ್ನು ವರ್ಣಿಸುವ ಪದ್ಯಗಳನ್ನೂ ಬರೆಯುತ್ತಿದ್ದಳು. ಅವನ್ನು ಓದಿದವರು ಈಕೆಗೆ ಸಂಶಯದ ತೆರೆಯೇ ಇಲ್ಲವೆಂದುಕೊಂಡರು. ಆಕೆಯಾದರೋ ಆ ಪದ್ಯಗಳಲ್ಲಿ ತನಗೆ ಯಾವ ಆನಂದವೂ ಇಲ್ಲವೆಂದೂ, ತಾನು ಏನನ್ನು ನಂಬಬೇಕೆಂದು ಇಚ್ಛಿಸುವಳೋ ಅದನ್ನು ಮಾತ್ರ ಹಾಡುತ್ತಿರುವಳೆಂದೂ ಸ್ಪಷ್ಟವಾಗಿ ಹೇಳುತ್ತಾಳೆ. ವಿಶ್ವಾಸಪ್ರಮಾಣವನ್ನು ತನ್ನ ರಕ್ತದಿಂದ ಬರೆದು ಎದೆಯ ಮೇಲೆ ಇಟ್ಟುಕೊಂಡಿದ್ದಳು. ಈ ಒಂದು ವರ್ಷದಲ್ಲಿ ತಾನು ಮಾಡಿದ ವಿಶ್ವಾಸದ ಸಂಕಲ್ಪಗಳು ಹಿಂದಿನ ಜೀವಮಾನದಲ್ಲೆಲ್ಲ ಮಾಡಿದವುಗಳಿಗಿಂತ ಹೆಚ್ಚೆನ್ನುತ್ತಾಳೆ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಇನ್ನೊಂದು ಸಂಗತಿ. ನಂಬಿಕೆಯಿಲ್ಲದವರನ್ನು ಆಕೆ ಈಗ ದೂರುವುದಿಲ್ಲ; ಅವರನ್ನು ತನ್ನ ಒಡಹುಟ್ಟಿದವರೆಂದು ಕರೆದು, ಅವರ ದುಃಖದ ಪಂಕ್ತಿಯಲ್ಲಿಯೇ ಕುಳಿತು, ದೇವರು ಏಳು ಎನ್ನುವವರೆಗೂ ಅವರ ಕಹಿಯಾದ ಅನ್ನವನ್ನೇ ಉಣ್ಣುವೆನೆನ್ನುತ್ತಾಳೆ. ಅವರಿಗೆ ಬುದ್ಧಿ ಹೇಳಲು ಎದ್ದು ನಿಲ್ಲುವುದಿಲ್ಲ. ಚೆಂಡಿನ ಉಪಮಾನವನ್ನು ಕಂಡು ಪುಸ್ತಕವನ್ನು ಮುಚ್ಚಿದ್ದ ನಾನು ಇಲ್ಲಿಗೆ ಬಂದಾಗ ಹಿಂದಿನ ಪುಟಕ್ಕೆ ಮರಳಿ ಹೋದೆನು. ಮೂಲೆಯಲ್ಲಿ ಮರೆತುಬಿಟ್ಟ ಚೆಂಡೆಂದು ಆಕೆ 14ನೆಯ ವಯಸ್ಸಿನಲ್ಲಿ ಒಪ್ಪಿಕೊಂಡುದನ್ನು 23ನೆಯ ವಯಸ್ಸಿನಲ್ಲಿ ಅನುಭವಿಸಿದಳು. ಒಪ್ಪಿಗೆಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಹಳೆಯ ಮುದ್ರಣದಲ್ಲಿ ಈ ಕತ್ತಲೆಯ ಮಾತು ಇಲ್ಲದಿರಲಿಲ್ಲ. ಆದರೆ ಗುಲಾಬಿಗಳನ್ನು ನೋಡುತ್ತಿದ್ದ ಕಣ್ಣುಗಳಿಗೆ ಗೋಡೆಯು ಕಾಣಿಸಲಿಲ್ಲ. ಬಾಲಶ್ರದ್ಧೆಯು ಮನಸ್ಸಿನ ಹಿತವಾದ ಅನುಭವವೇ ಆಗಿದ್ದರೆ ಅದು ಆ ಈಸ್ಟರ್ ಹಬ್ಬದೊಂದಿಗೆ ಮುಗಿದುಹೋಗಬೇಕಾಗಿದ್ದಿತು. ಮುಗಿಯಲಿಲ್ಲವಾದುದರಿಂದ ಅದು ಅನುಭವವಲ್ಲ, ಸಂಬಂಧವೆಂದು ಸಿದ್ಧವಾಗುತ್ತದೆ. ಕತ್ತಲಾದ ಕೋಣೆಯಲ್ಲಿ ಮಗುವಿಗೆ ತಾಯಿಯ ಮುಖವು ಕಾಣದು. ಆದರೂ ಅದು ತಾಯಿಯನ್ನೇ ಕೂಗುತ್ತದೆ. ಕೂಗುವುದು ಸಂಶಯವಿಲ್ಲದುದರಿಂದಲ್ಲ, ಕೂಗುವುದಕ್ಕೆ ಬೇರೆ ಹೆಸರನ್ನು ಅದು ಅರಿಯದುದರಿಂದ. ಸುವಾರ್ತೆಯ ಮಾತಿನ ಅರ್ಥವು ಇದೇ ಇರಬೇಕೆಂದು ನನಗೆ ತೋರುತ್ತದೆ. ದೊಡ್ಡವನು ಯಾರೆಂದು ಕೇಳಿದವರ ನಡುವೆ ನಿಂತ ಆ ಮಗುವಿಗೆ ತನ್ನದೆಂದು ಹೇಳಿಕೊಳ್ಳುವ ಪದವಿಯೂ ಇರಲಿಲ್ಲ, ಪುಣ್ಯವೂ ಇರಲಿಲ್ಲ. ಕರೆದಾಗ ಬಂದಿತು, ನಿಲ್ಲಿಸಿದಲ್ಲಿ ನಿಂತಿತು, ಅಷ್ಟೆ. ಯೇಸುಸ್ವಾಮಿಯು ಶಿಷ್ಯರಿಗೆ ತೋರಿಸಿದುದು ಮಗುವಿನ ನಿರ್ಮಲತೆಯನ್ನಲ್ಲ, ಅದರ ಬರಿಗೈಯನ್ನು.

ಒಂದು ಆಕ್ಷೇಪವು ಉಳಿಯುತ್ತದೆ. ಒಳ್ಳೆಯ ತಂದೆಯ ಮಡಿಲಲ್ಲಿ ಬೆಳೆದವಳಿಗೆ ದೇವರನ್ನು ತಂದೆಯೆನ್ನುವುದು ಸುಲಭ. ಮನೆಯಲ್ಲಿ ಏಟು ತಿಂದು, ಬಾಸುಂಡೆಗಳನ್ನು ಅಂಗಿಯೊಳಗೆ ಮುಚ್ಚಿಕೊಂಡು ಪಾಠಶಾಲೆಗೆ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅಂಥವನಿಗೆ ದೇವರು ತಂದೆಯಂತೆ ಎಂದರೆ ಸಮಾಧಾನವಾಗುವುದೋ ಭಯವಾಗುವುದೋ? ತೆರೇಸಳ ಗ್ರಂಥವು ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಇದು ಅದರ ಮಿತಿ. ಆದರೆ ಆಕೆಯ ಭರವಸೆಯು ಸುಖದಿಂದ ಮಾತ್ರ ಹುಟ್ಟಿತೆನ್ನುವುದೂ ನ್ಯಾಯವಲ್ಲ. ನಾಲ್ಕೂವರೆ ವರ್ಷಕ್ಕೆ ತಾಯಿ ಹೋದಳು. ಒಂಬತ್ತಕ್ಕೆ ಎರಡನೆಯ ತಾಯಿಯಂತಿದ್ದ ಅಕ್ಕ ಮನೆಬಿಟ್ಟಳು. ತಾನು ಮಠವನ್ನು ಸೇರಿದ ಮರುವರ್ಷ, 1889ರಲ್ಲಿ, ತಂದೆಗೆ ಬುದ್ಧಿಭ್ರಮಣೆಯಾಗಿ ಆತನನ್ನು ಕಾನ್ ಪಟ್ಟಣದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. ಮೂರು ವರ್ಷ ಆತನು ಅಲ್ಲಿದ್ದನು. ಮಗುವು ಹಿಡಿದ ಕೈಗಳೆಲ್ಲ ಒಂದೊಂದಾಗಿ ಬಿಟ್ಟುಹೋದ ಮೇಲೂ ಕೈಚಾಚುವುದನ್ನು ಬಿಡದವಳ ಮಾತಿಗೆ ಒಂದು ತೂಕವುಂಟು. ಏಟು ತಿಂದ ಹುಡುಗನಿಗೂ ಇದರಲ್ಲಿ ಏನಾದರೂ ದೊರೆಯಬಹುದೆಂದು ನನಗೆ ತೋರುತ್ತದೆ; ಆದರೆ ಅದನ್ನು ಆತನೇ ಹೇಳಬೇಕು, ನಾನಲ್ಲ.

ಪುಸ್ತಕವನ್ನು ಓದಿ ಮುಗಿಸಿ ಮಿತ್ರರ ಬಳಿಗೆ ಹೋದೆನು. ಬಾಲ್ಯಶಬ್ದದ ಎರಡು ಅರ್ಥಗಳನ್ನೂ, ಪೌಲನ ವಿಭಾಗವನ್ನೂ ಕ್ರಮವಾಗಿ ನಿರೂಪಿಸಿದೆನು. ಅವರು ಗಣಿತದ ಮೇಷ್ಟರ ಸ್ವಭಾವಕ್ಕೆ ತಕ್ಕಂತೆ ಕಣ್ಣು ಮುಚ್ಚಿ ಒಂದೊಂದು ಹೆಜ್ಜೆಯನ್ನೂ ಕೇಳಿದರು; ಸಮಾಧಾನವಾಯಿತೆನ್ನಲಿಲ್ಲ. ಆಮೇಲೆ ಮಂಜಿನ ದೇಶದ ಭಾಗವನ್ನು ಕನ್ನಡಿಸಿ ಹೇಳುತ್ತ ಹೋದೆನು. ಗೋಡೆಯ ಮಾತು ಬಂದಾಗ ಕಣ್ಣು ತೆರೆದು, “ಏನಂದಿರಿ? ಆಕೆಗೂ ಗೋಡೆಯೇ?” ಎಂದು ಕೇಳಿದರು. ಹೌದೆಂದೆನು. ಅದನ್ನೇ ಇನ್ನೊಮ್ಮೆ ಹೇಳಿರೆಂದರು, ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ನಾನೊಬ್ಬನೇ ಅಂದುಕೊಂಡಿದ್ದೆ, ಶಾಸ್ತ್ರಿಗಳೇ” ಎಂದರು.

ಅಲ್ಲಿಂದ ಮುಂದೆ ಅವರಿಗೆ ಪ್ರಾರ್ಥನೆಯು ಮೊದಲಿನಂತೆ ಬಂದಿತೇ ಇಲ್ಲವೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆಯ ಹೊತ್ತು ಮೊಮ್ಮಗನನ್ನು ಹಾಸಿಗೆಯ ಬಳಿಗೆ ಕರೆದು ಆ ಹಳೆಯ ಪ್ರಾರ್ಥನೆಯನ್ನು ಅವನಿಂದ ಹೇಳಿಸಿ, ತಾವು ತುಟಿ ಅಲ್ಲಾಡಿಸದೆ ಅವನ ಕೈಹಿಡಿದು ಕೇಳುತ್ತ ಮಲಗಿರುತ್ತಿದ್ದರು. ಎರಡು ತಿಂಗಳ ಮೇಲೆ ತೀರಿಕೊಂಡರು. ಪುಸ್ತಕವು ನನ್ನಲ್ಲಿಯೇ ಉಳಿಯಿತು. ಕೊನೆಯ ಭಾಗವನ್ನು ಮೊದಲು ಓದಿ, ಆಮೇಲೆ ಹೂವುಗಳ ಮೊದಲ ಭಾಗಕ್ಕೆ ಬನ್ನಿರೆಂದು ವಾಚಕ ಮಹಾಶಯರಲ್ಲಿ ವಿಜ್ಞಾಪಿಸಿಕೊಂಡು ಈ ಬರಹವನ್ನು ಮುಗಿಸುತ್ತೇನೆ.